ಬರೆದದ್ದನ್ನು ನುಡಿಸುವವರು ಎಲ್ಲಿದ್ದಾರೆ? ನೆದರ್ಲೆಂಡ್ಸ್‌ನ ಸಂಗೀತ ಶಾಲೆಗಳನ್ನು ನೋಡಿಬಂದ ಅನುಭವ

ಸಂಗೀತ ಸಂಯೋಜನೆಯಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಅರ್ಜಿ ಹಾಕುವ ಮೊದಲು ಆ ಶಾಲೆಯನ್ನು ಕಣ್ಣಾರೆ ನೋಡಿಬರುವುದು ಅಗತ್ಯವೇ ಎಂದು ಕೇಳಿದಾಗ ನನಗೆ ಸಿಕ್ಕ ಉತ್ತರಗಳು ಬಹುಮಟ್ಟಿಗೆ ಒಂದೇ ಬಗೆಯವು. ಪ್ರವೇಶ ಪರೀಕ್ಷೆಯನ್ನೇ ವಿಡಿಯೊ ಕರೆಯಲ್ಲಿ ಮುಗಿಸಬಹುದಾದ ಕಾಲದಲ್ಲಿ ವಿಮಾನಕ್ಕೆ ಹಣ ಸುರಿಯುವುದೇಕೆ, ಆ ಹಣವನ್ನು ಮೊದಲ ವರ್ಷದ ಬಾಡಿಗೆಗೆ ಎತ್ತಿಡಬಾರದೇ ಎಂದು ಹಿತೈಷಿಗಳು ಹೇಳಿದರು. ಪಿಟೀಲನ್ನೋ ಪಿಯಾನೊವನ್ನೋ ಕಲಿಯಹೊರಟವರಿಗೆ ಈ ಮಾತು ಒಪ್ಪಬಹುದು. ಅವರಿಗೆ ಬೇಕಾದದ್ದು ಮುಖ್ಯವಾಗಿ ಒಬ್ಬ ಗುರು. ಸಂಯೋಜನೆ ಕಲಿಯುವವರಿಗೆ ಗುರುವಿನಷ್ಟೇ ಬೇಕಾದವರು ಬರೆದದ್ದನ್ನು ನುಡಿಸುವ ಜನ, ಮತ್ತು ಆ ಜನ ಒಂದು ಶಾಲೆಯಲ್ಲಿ ನಿಜವಾಗಿ ಎಷ್ಟು ಸುಲಭವಾಗಿ ಸಿಗುತ್ತಾರೆ ಎಂಬುದನ್ನು ಯಾವ ಪರಿಚಯ ಪುಸ್ತಿಕೆಯೂ ತಿಳಿಸುವುದಿಲ್ಲ.

ನಾನು ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಸಂಗೀತ ಕಲಿಸುತ್ತೇನೆ. ಬಾಲ್ಯದಿಂದ ಕರ್ನಾಟಕ ಸಂಗೀತದ ಹಾಡುಗಾರಿಕೆ ಕಲಿತು, ಕಾಲೇಜಿನ ದಿನಗಳಲ್ಲಿ ಪಿಯಾನೊ ಮತ್ತು ಪಾಶ್ಚಾತ್ಯ ಸಂಗೀತದ ಸಿದ್ಧಾಂತವನ್ನು ಗ್ರೇಡ್ ಪರೀಕ್ಷೆಗಳ ಮೂಲಕ ಓದಿಕೊಂಡವಳು. ಕೆಲವು ವರ್ಷಗಳಿಂದ ನಾಲ್ಕು ತಂತಿವಾದ್ಯಗಳ ಸ್ಟ್ರಿಂಗ್ ಕ್ವಾರ್ಟೆಟ್‌ಗೆ, ಸಣ್ಣ ವಾದ್ಯಗುಂಪುಗಳಿಗೆ ಬರೆಯುತ್ತಿದ್ದೇನೆ. ಬರೆದದ್ದರಲ್ಲಿ ಹೆಚ್ಚಿನದನ್ನು ಕೇಳಿದ್ದು ಕಂಪ್ಯೂಟರಿನ ಕೃತಕ ವಾದ್ಯಧ್ವನಿಯಲ್ಲಿ ಮಾತ್ರ. ದೇಶದ ಏಕೈಕ ವೃತ್ತಿಪರ ಸಿಂಫನಿ ವಾದ್ಯವೃಂದವೆನಿಸಿದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ 2006ರಲ್ಲಿ ಹುಟ್ಟಿದ್ದು ಮುಂಬಯಿಯಲ್ಲಿ. ನಮ್ಮ ಊರಿನಲ್ಲಿ ಒಳ್ಳೆಯ ವಾದಕರು ಇಲ್ಲವೆಂದಲ್ಲ. ನಾಲ್ವರನ್ನು ಒಂದೇ ಸಂಜೆ ಒಂದೇ ಕೋಣೆಯಲ್ಲಿ ಕೂರಿಸಿ, ಹೊಸದಾಗಿ ಬರೆದ, ಬಹುಶಃ ಮತ್ತೆ ಎಂದೂ ನುಡಿಸದ ಕೃತಿಯನ್ನು ಓದಿಸುವ ವ್ಯವಸ್ಥೆ ಇಲ್ಲ.

ನೆದರ್ಲೆಂಡ್ಸ್ ಕಡೆಗೆ ಮನಸ್ಸು ಹೋದದ್ದಕ್ಕೆ ಎರಡು ಕಾರಣಗಳಿದ್ದವು. 1826ರಲ್ಲಿ ಸ್ಥಾಪನೆಯಾದ ಹೇಗ್‌ನ ರಾಯಲ್ ಕನ್ಸರ್ವೇಟರಿ ಆ ದೇಶದ ಅತ್ಯಂತ ಹಳೆಯ ಸಂಗೀತ ಶಾಲೆ; 2021ರಲ್ಲಿ ತೀರಿಕೊಂಡ ಲೂಯಿ ಆಂಡ್ರಿಸೆನ್ ಅಲ್ಲಿಯೇ ಓದಿ, ಅಲ್ಲಿಯೇ ದಶಕಗಳ ಕಾಲ ಕಲಿಸಿ, ಸಂಯೋಜನೆಯ ವಿಭಾಗಕ್ಕೆ ಜಗತ್ತಿನಾದ್ಯಂತ ಹೆಸರು ತಂದವರು. ಎರಡನೆಯ ಕಾರಣ ನಮಗೆ ಇನ್ನೂ ಹತ್ತಿರದ್ದು. ಆಮ್ಸ್ಟರ್‌ಡ್ಯಾಮ್ ಕನ್ಸರ್ವೇಟರಿಯಲ್ಲಿ ಕರ್ನಾಟಕ ಸಂಗೀತದ ಲಯತಂತ್ರಗಳನ್ನು ಸಮಕಾಲೀನ ಪಾಶ್ಚಾತ್ಯ ಸಂಗೀತಕ್ಕೆ ಅಳವಡಿಸುವ ಒಂದು ಪಾಠಕ್ರಮವೇ ಇದೆ. ಅದನ್ನು ಕಟ್ಟಿದ ರಫಾಯೆಲ್ ರೈನಾ ಎಂಬ ಸಂಯೋಜಕರು ಆ ವಿದ್ಯೆಯನ್ನು ಕಲಿತದ್ದು ಬೆಂಗಳೂರಿನ ಕೊಳಲು ವಿದುಷಿ ಜಾಹ್ನವಿ ಜಯಪ್ರಕಾಶ್ ಅವರ ಬಳಿ. ನಮ್ಮ ಊರಿನಿಂದ ಹೊರಟ ಕೊನ್ನಕೋಲ್ (ಲಯದ ಸೊಲ್ಲುಗಳನ್ನು ಬಾಯಲ್ಲಿ ನುಡಿಯುವ ಕಲೆ) ಅಲ್ಲಿ ಯಾವ ರೂಪದಲ್ಲಿದೆ ಎಂಬ ಕುತೂಹಲವನ್ನು ಕಾಗದಪತ್ರಗಳಿಂದ ತಣಿಸಿಕೊಳ್ಳುವುದು ಸಾಧ್ಯವಿರಲಿಲ್ಲ.

ಮೊದಲ ಪತ್ರಗಳನ್ನು ಜುಲೈ ತಿಂಗಳಲ್ಲಿ ಬರೆದೆ. ಹಿಂದೆ ಬರುವವರು ಇದನ್ನು ಗಮನಿಸಬೇಕು: ಜುಲೈ ಮಧ್ಯದಿಂದ ಆಗಸ್ಟ್ ಮುಗಿಯುವವರೆಗೆ ಅಲ್ಲಿನ ಶಾಲೆಗಳು ಬೇಸಿಗೆ ರಜೆಯಲ್ಲಿರುತ್ತವೆ, ಉತ್ತರ ಬಾರದಿದ್ದರೆ ಅದನ್ನು ತಿರಸ್ಕಾರವೆಂದು ತಿಳಿಯಬಾರದು. ನನಗೆ ಇದು ಗೊತ್ತಾದದ್ದು ಸೆಪ್ಟೆಂಬರಿನಲ್ಲಿ ಒಮ್ಮೆಲೇ ಉತ್ತರಗಳು ಬರತೊಡಗಿದ ಮೇಲೆ. ಅಷ್ಟರಲ್ಲಿ ನನ್ನ ಉತ್ಸಾಹ ಅರ್ಧ ಕರಗಿತ್ತು. ಅಧ್ಯಾಪಕರಿಗೆ ನೇರವಾಗಿ ಬರೆಯುವುದಕ್ಕಿಂತ ವಿಭಾಗದ ಆಡಳಿತ ನೋಡಿಕೊಳ್ಳುವ ಕೋಆರ್ಡಿನೇಟರ್ ಅವರಿಗೆ ಬರೆಯುವುದೇ ಫಲಕಾರಿ, ಏಕೆಂದರೆ ಯಾವ ವಾರ ತಾಲೀಮುಗಳಿವೆ, ಯಾವ ತರಗತಿಯಲ್ಲಿ ಹೊರಗಿನವರು ಕುಳಿತುಕೊಳ್ಳಬಹುದು, ಯಾವ ಅಧ್ಯಾಪಕರು ಊರಿನಲ್ಲಿರುತ್ತಾರೆ ಎಂಬುದು ಅವರಿಗೆ ಮಾತ್ರ ಗೊತ್ತಿರುತ್ತದೆ. ನನ್ನ ಪತ್ರ ಚಿಕ್ಕದಾಗಿತ್ತು: ನಾನು ಯಾರು, ಏನು ಬರೆಯುತ್ತೇನೆ, ಯಾವ ವಾರ ಬರಬಲ್ಲೆ, ಒಂದು ಗುಂಪು ಪಾಠವನ್ನೂ ಒಂದು ತಾಲೀಮನ್ನೂ ನೋಡಬಹುದೇ, ಯಾರಾದರೂ ಒಬ್ಬರು ಪರೀಕ್ಷಾರ್ಥವಾಗಿ ಒಂದು ಪ್ರಾಯೋಗಿಕ ಪಾಠ ಕೊಡಬಲ್ಲರೇ. ಜೊತೆಗೆ ಎರಡು ಕೃತಿಗಳ ಕೊಂಡಿ ಮಾತ್ರ ಇಟ್ಟೆ. ಪ್ರಾಯೋಗಿಕ ಪಾಠಕ್ಕೆ ಕೆಲವರು ಶುಲ್ಕ ಪಡೆಯುತ್ತಾರೆ, ಕೆಲವರು ಪಡೆಯುವುದಿಲ್ಲ. ಇದನ್ನು ಮುಂಚೆಯೇ ಕೇಳುವುದರಲ್ಲಿ ಸಂಕೋಚ ಬೇಡ, ಅಲ್ಲಿ ಹಣದ ಮಾತನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಒಪ್ಪಿಗೆಯ ಉತ್ತರ ಬಂದ ಕೂಡಲೇ ಅದನ್ನು ಶಾಲೆಯ ಹೆಸರಿರುವ ಕಾಗದದ ಮೇಲೆ ಒಂದು ಪತ್ರವಾಗಿ ಕಳುಹಿಸುವಂತೆ ಕೋರಿ, ಏಕೆಂದರೆ ವೀಸಾ ಅರ್ಜಿಗೆ ಇಮೇಲ್‌ನ ಪ್ರತಿಗಿಂತ ಆ ಪತ್ರಕ್ಕೆ ಹೆಚ್ಚು ತೂಕ.

ವೀಸಾದ ಕಥೆ ಇಲ್ಲಿಂದ ಶುರುವಾಗುತ್ತದೆ. ಅಲ್ಪಾವಧಿಯ ಭೇಟಿಗೆ ಬೇಕಾದದ್ದು ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಶೆಂಗೆನ್ ವೀಸಾ. ಪ್ರಯಾಣಕ್ಕೆ ಆರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕುವಂತಿಲ್ಲ, ಹದಿನೈದು ದಿನಗಳಿಗಿಂತ ತಡವಾಗಿಯೂ ಹಾಕುವಂತಿಲ್ಲ. ಅರ್ಜಿಯನ್ನು ಬೆಂಗಳೂರಿನಲ್ಲಿಯೇ ಕೊಡಬಹುದಾದ್ದರಿಂದ ಬೇರೆ ಊರಿಗೆ ಓಡಾಡುವ ಕಷ್ಟವಿಲ್ಲ. ಶುಲ್ಕ 2024ರ ಜೂನ್‌ನಿಂದ 90 ಯೂರೋ ಆಗಿದೆ, ನಮ್ಮ ಲೆಕ್ಕದಲ್ಲಿ ಎಂಟು ಒಂಬತ್ತು ಸಾವಿರ ರೂಪಾಯಿ. ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚವನ್ನು ಭರಿಸುವ ಪ್ರವಾಸ ವಿಮೆ ಕಡ್ಡಾಯ; ಅದಕ್ಕೆ ಹೆಚ್ಚು ಹಣವೇನೂ ಆಗಲಿಲ್ಲ. ಬೆರಳಚ್ಚು ಒಮ್ಮೆ ಕೊಟ್ಟರೆ 59 ತಿಂಗಳು ಸಲ್ಲುತ್ತದೆ, ಆದ್ದರಿಂದ ಹಿಂದೆ ಯಾವುದಾದರೂ ಶೆಂಗೆನ್ ದೇಶಕ್ಕೆ ಹೋಗಿಬಂದವರು ಹಳೆಯ ವೀಸಾದ ಪ್ರತಿಯನ್ನು ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು.

ನಾನು ನಿರೀಕ್ಷಿಸದೆ ಇದ್ದ ತೊಡಕು ವಸತಿಯದು. ಆಮ್ಸ್ಟರ್‌ಡ್ಯಾಮಿಗೆ ಅಂಟಿಕೊಂಡಂತಿರುವ ಆಮ್ಸ್ಟೆಲ್‌ವೇನ್‌ನಲ್ಲಿ ನನ್ನ ದೊಡ್ಡಮ್ಮನ ಮಗಳು ಮತ್ತು ಭಾವ ಇದ್ದಾರೆ. ಅಲ್ಲಿ ಭಾರತೀಯ ಕುಟುಂಬಗಳು ಎಷ್ಟಿವೆಯೆಂದರೆ ಬಸ್ ನಿಲ್ದಾಣದಲ್ಲಿ ನಿಂತರೆ ನಾಲ್ಕು ಭಾಷೆ ಕಿವಿಗೆ ಬೀಳುತ್ತವೆ. ಅವರ ಮನೆಯಲ್ಲಿ ಉಳಿಯುತ್ತೇನೆಂದು ಬರೆದರೆ ಸಾಕೆಂದು ನಾವೆಲ್ಲ ಭಾವಿಸಿದ್ದೆವು. ಆದರೆ ಸಂಬಂಧಿಕರ ಮನೆಯಲ್ಲಿ ತಂಗುವವರಿಗಾಗಿ ಡಚ್ ಸರ್ಕಾರದ ಒಂದು ನಿಗದಿತ ನಮೂನೆಯಿದೆ. ಆತಿಥೇಯರು ಅದನ್ನು ತುಂಬಿ, ತಮ್ಮ ಊರಿನ ಪುರಸಭೆಗೆ ಖುದ್ದಾಗಿ ಹೋಗಿ, ಅಧಿಕಾರಿಯ ಎದುರಿಗೆ ಸಹಿ ಹಾಕಿ ದೃಢೀಕರಿಸಿಕೊಳ್ಳಬೇಕು, ಮತ್ತು ಅದರ ಮೂಲಪ್ರತಿಯೇ ಬೆಂಗಳೂರಿಗೆ ಬರಬೇಕು. ಪುರಸಭೆಯಲ್ಲಿ ಮೊದಲೇ ಸಮಯ ಗೊತ್ತುಮಾಡಿಕೊಳ್ಳದೆ ಹೋಗುವಂತಿಲ್ಲ. ಅಕ್ಕನಿಗೆ ಸಮಯ ಸಿಕ್ಕು, ಕಾಗದ ಕೊರಿಯರ್ ಹತ್ತಿ ನಮ್ಮ ಮನೆಯ ಬಾಗಿಲಿಗೆ ಬರುವ ಹೊತ್ತಿಗೆ ದಸರಾ ರಜೆ ಮುಗಿದಿತ್ತು. ಇಷ್ಟೆಲ್ಲ ಬೇಡವೆನ್ನುವವರಿಗೆ ಹೋಟೆಲ್ ಕಾಯ್ದಿರಿಸಿದ ದಾಖಲೆ ಸಾಕು; ಆಮ್ಸ್ಟರ್‌ಡ್ಯಾಮಿನ ಹೋಟೆಲ್ ದರ ನೋಡಿದ ಮೇಲೆ ನನಗೆ ಪುರಸಭೆಯ ದಾರಿಯೇ ಹಿತವೆನಿಸಿತು.

ಉಳಿದ ಕಾಗದಗಳು ಎಲ್ಲರಿಗೂ ಗೊತ್ತಿರುವಂಥವೇ: ಸಂಬಳ ಚೀಟಿಗಳು, ಆದಾಯ ತೆರಿಗೆ ವಿವರ, ಶಾಲೆಯಿಂದ ರಜೆ ಮಂಜೂರಾತಿಯ ಪತ್ರ, ಹೋಗಿಬರುವ ವಿಮಾನದ ಕಾಯ್ದಿರಿಸುವಿಕೆ, ಬ್ಯಾಂಕ್ ಖಾತೆಯ ವಿವರ. ಕೊನೆಯದು ನನ್ನನ್ನು ಸತಾಯಿಸಿತು. ಪ್ರತಿ ಪುಟಕ್ಕೂ ಬ್ಯಾಂಕಿನ ಮೊಹರು ಬೇಕೆಂದು ಕೇಳಿದರೆ, ನಮ್ಮ ಶಾಖೆಯಲ್ಲಿ ‘ಈಗೆಲ್ಲ ಆನ್‌ಲೈನ್ ಪ್ರತಿಯೇ ನಡೆಯುತ್ತದೆ, ಮೊಹರು ಹಾಕುವ ಪದ್ಧತಿ ನಿಂತಿದೆ’ ಎಂದರು. ಮೂರು ಕೌಂಟರುಗಳ ಪ್ರದಕ್ಷಿಣೆಯಾದ ಮೇಲೆ ಅಪ್ಪ ತಮ್ಮ ನಿವೃತ್ತ ನೌಕರರ ಗೆಳೆತನವನ್ನು ಬಳಸಿ ವ್ಯವಸ್ಥಾಪಕರ ಕೋಣೆಯೊಳಕ್ಕೆ ನುಗ್ಗಿದರು, ಮೊಹರು ಸಿಕ್ಕಿತು. ಪ್ರಯಾಣದ ಖರ್ಚಿನಲ್ಲಿ ಒಂದು ಭಾಗವನ್ನು ಅಪ್ಪ ಕೊಡುವವರಿದ್ದುದರಿಂದ ಅವರ ಖಾತೆಯ ವಿವರವನ್ನೂ, ಮಗಳ ಖರ್ಚನ್ನು ತಾನು ವಹಿಸುತ್ತೇನೆಂಬ ಪತ್ರವನ್ನೂ ಸೇರಿಸಿದೆವು. ಭೇಟಿಯ ಉದ್ದೇಶವನ್ನು ಕುರಿತು ಒಂದು ಪುಟದ ವಿವರಣೆ ಬರೆಯುವುದು ಒಳ್ಳೆಯದು: ಇದು ಓದಲು ಹೋಗುವ ವೀಸಾ ಅಲ್ಲ, ಶಾಲೆಗಳನ್ನು ನೋಡಿ ಮರಳುವ ಭೇಟಿ, ಮರಳಿ ಬಂದು ಇಂಥ ದಿನ ಕೆಲಸಕ್ಕೆ ಹಾಜರಾಗಬೇಕಿದೆ ಎಂದು ದಿನಚರಿಯ ಸಮೇತ ಸ್ಪಷ್ಟವಾಗಿ ಹೇಳಿದೆ. ಪಾಸ್‌ಪೋರ್ಟ್ ಅವರ ಕೈಯಲ್ಲಿದ್ದ ಆ ದಿನಗಳಲ್ಲಿ ಒಂದು ಸಾಲನ್ನೂ ಬರೆಯಲಾಗಲಿಲ್ಲ. ಮೊಬೈಲಿನಲ್ಲಿ ಅರ್ಜಿಯ ಸ್ಥಿತಿ ನೋಡುವುದೇ ಒಂದು ಉದ್ಯೋಗವಾಯಿತು.

ವೀಸಾ ಬಂದದ್ದು ರಾಜ್ಯೋತ್ಸವಕ್ಕೆ ಮುನ್ನ. ಬೆಂಗಳೂರಿನಿಂದ ಆಮ್ಸ್ಟರ್‌ಡ್ಯಾಮಿಗೆ ನೇರ ವಿಮಾನವಿದೆ, ಆದರೆ ಕೊಲ್ಲಿ ದೇಶಗಳ ಮೂಲಕ ಹೋದರೆ ಅಗ್ಗ. ಹೋಗಿಬರಲು ಅರವತ್ತು ಸಾವಿರ ರೂಪಾಯಿಯ ಆಸುಪಾಸಾಯಿತು. ಕೃತಿಗಳನ್ನು ಎ3 ಹಾಳೆಯ ಮೇಲೆ ಮುದ್ರಿಸಿ ಸ್ಪೈರಲ್ ಹಾಕಿಸಿ ಕೈಚೀಲದಲ್ಲಿಯೇ ಒಯ್ದೆ, ಪ್ರತಿ ವಾದ್ಯದ ಬಿಡಿ ಭಾಗಗಳನ್ನೂ ಎರಡೆರಡು ಪ್ರತಿ ಮಾಡಿಸಿದೆ. ಬಡಾವಣೆಯ ಝೆರಾಕ್ಸ್ ಅಂಗಡಿಯವರು ‘ಇದೇನು ಮೇಡಂ, ನಕ್ಷೆಯೇ?’ ಎಂದು ಕೇಳಿದರು. ಎಲ್ಲರೂ ಟ್ಯಾಬ್ಲೆಟ್‌ನಲ್ಲಿ ನೋಡುವ ಕಾಲದಲ್ಲಿ ಈ ಹೊರೆ ಬೇಕೇ ಎಂದು ಕೇಳುವವರಿಗೆ ಉತ್ತರ ಮುಂದೆ ಬರುತ್ತದೆ.

ಸ್ಖಿಪೋಲ್ ವಿಮಾನ ನಿಲ್ದಾಣದ ವಲಸೆ ಅಧಿಕಾರಿ ನಾನು ಏಕೆ ಬಂದೆನೆಂದು ಕೇಳಿದರು, ಶಾಲೆಗಳ ಪತ್ರಗಳನ್ನು ತೋರಿಸಿದೆ, ಯಾವ ವಾದ್ಯ ನುಡಿಸುತ್ತೀರಿ ಎಂದರು. ಸಂಯೋಜನೆ ಎಂದಾಗ ಒಂದು ಕ್ಷಣ ನನ್ನ ಮುಖ ನೋಡಿ ಮುದ್ರೆ ಒತ್ತಿದರು. ಅಲ್ಲಿನ ರೈಲು, ಮೆಟ್ರೊ, ಟ್ರಾಮ್ ಎಲ್ಲದರಲ್ಲೂ ಬ್ಯಾಂಕ್ ಕಾರ್ಡನ್ನೇ ಯಂತ್ರಕ್ಕೆ ತಾಗಿಸಿ ಪ್ರಯಾಣಿಸಬಹುದು. ನನ್ನ ಫಾರೆಕ್ಸ್ ಕಾರ್ಡ್ ತೊಂದರೆ ಕೊಡಲಿಲ್ಲ. ಹತ್ತುವಾಗ ತಾಗಿಸಿದಂತೆ ಇಳಿಯುವಾಗಲೂ ತಾಗಿಸಬೇಕು, ಇಲ್ಲವಾದರೆ ಹೆಚ್ಚಿನ ಹಣ ಕಡಿತವಾಗುತ್ತದೆ. ಅನೇಕ ಕಾಫಿ ಅಂಗಡಿಗಳಲ್ಲಿ ನಗದು ತೆಗೆದುಕೊಳ್ಳುವುದೇ ಇಲ್ಲ, ಆದ್ದರಿಂದ ನೋಟುಗಳನ್ನು ಕಟ್ಟುಕಟ್ಟಾಗಿ ಒಯ್ಯುವುದರಲ್ಲಿ ಅರ್ಥವಿಲ್ಲ.

ನವೆಂಬರಿನಲ್ಲಿ ಅಲ್ಲಿ ಸಂಜೆ ಐದಕ್ಕೆ ಮುಂಚೆಯೇ ಕತ್ತಲಾಗುತ್ತದೆ. ಮಳೆಗಿಂತ ಗಾಳಿಯೇ ಕ್ರೂರ. ಕೊಡೆ ಕೆಲಸಕ್ಕೆ ಬರುವುದಿಲ್ಲ. ಅಕ್ಕ ತನ್ನ ದಪ್ಪ ಕೋಟನ್ನು ನನಗೆ ಹೊದಿಸಿ, ‘ನೋಡಮ್ಮ, ಪಾಠ ಚೆನ್ನಾಗಿದೆಯಾ ಅಂತ ಆಮೇಲೆ ನೋಡು, ಈ ಚಳಿಯಲ್ಲಿ ಎರಡು ವರ್ಷ ಇರ್ತೀಯಾ ಅಂತ ಮೊದಲು ನೋಡು’ ಎಂದಳು. ಭಾವ ಅಷ್ಟು ಮೃದುವಾಗಿ ಹೇಳಲಿಲ್ಲ: ‘ಮನೆ ಸಿಗೋದು ಸೀಟು ಸಿಗೋದಕ್ಕಿಂತ ಕಷ್ಟ, ತಿಳ್ಕೋ.’

ಆಮ್ಸ್ಟರ್‌ಡ್ಯಾಮ್ ಕನ್ಸರ್ವೇಟರಿಗೆ ಹೋಗಲು ಅಕ್ಕನ ಮನೆಯ ಕಡೆಯಿಂದ 25ನೇ ಸಂಖ್ಯೆಯ ಟ್ರಾಮಿನಲ್ಲಿ ಜೌಡ್ ನಿಲ್ದಾಣಕ್ಕೆ ಬಂದು, ಅಲ್ಲಿಂದ 52ನೇ ಮೆಟ್ರೊ ಹಿಡಿದು ಕೇಂದ್ರ ನಿಲ್ದಾಣದಲ್ಲಿ ಇಳಿದು, ನೀರಿನ ಅಂಚಿನಲ್ಲಿ ಪೂರ್ವಕ್ಕೆ ಸ್ವಲ್ಪ ನಡೆಯಬೇಕು. ಪಕ್ಕದಲ್ಲೇ ನಗರದ ದೊಡ್ಡ ಸಾರ್ವಜನಿಕ ಗ್ರಂಥಾಲಯವಿದೆ. ಮುಂಚೆ ತಲಪಿದವರು ಅಲ್ಲಿ ಬೆಚ್ಚಗೆ ಕುಳಿತಿರಬಹುದು. 2008ರಲ್ಲಿ ಶಾಲೆ ಈ ಕಟ್ಟಡಕ್ಕೆ ಬಂದಿತು. ಜಪಾನಿನ ಮನೆಗಳ ಎಂಗಾವಾ ಜಗಲಿಯ ಮಾದರಿಯಲ್ಲಿ ಓಡಾಡುವ ಮೊಗಸಾಲೆಗಳು ಹೊರಗೋಡೆಯ ಉದ್ದಕ್ಕೂ ಇದ್ದು, ಅಭ್ಯಾಸದ ಕೋಣೆಗಳು ಒಳಗಡೆ ಇವೆ, ಹೀಗಾಗಿ ರಸ್ತೆಯ ಸದ್ದು ಒಳಕ್ಕೂ ವಾದ್ಯಗಳ ಸದ್ದು ಹೊರಕ್ಕೂ ಹೋಗುವುದಿಲ್ಲ. ಕಟ್ಟಡದ ಈ ವಿಶೇಷವನ್ನು ನಾನು ಹೇಳುತ್ತಿರುವುದಕ್ಕೆ ಕಾರಣವಿದೆ: ವಿದ್ಯಾರ್ಥಿಗಳು ಕೋಣೆ ಸಿಗುವುದನ್ನು ಕಾಯುತ್ತ ಆ ಬೆಳಕಿನ ಮೊಗಸಾಲೆಗಳಲ್ಲೇ ವಾದ್ಯ ಹಿಡಿದು ಕುಳಿತಿರುತ್ತಾರೆ, ಮತ್ತು ಸಂಯೋಜನೆ ಓದುವವರು ತಮ್ಮ ವಾದಕರನ್ನು ಹುಡುಕಿಕೊಳ್ಳುವುದೂ ಅಲ್ಲಿಯೇ.

ಲಯದ ತರಗತಿಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತೆ. ಬೇರೆ ಬೇರೆ ದೇಶಗಳ ಹತ್ತಾರು ವಿದ್ಯಾರ್ಥಿಗಳು ತೊಡೆಯ ಮೇಲೆ ತಿಸ್ರ ತ್ರಿಪುಟ ತಾಳ ಹಾಕುತ್ತ, ಪ್ರತಿ ಅಕ್ಷರಕ್ಕೆ ಐದು ಮಾತ್ರೆಯ ಖಂಡ ನಡೆಯಲ್ಲಿ, ಏಳೇಳು ಮಾತ್ರೆಗಳಿಗೊಮ್ಮೆ ಒತ್ತು ಕೊಟ್ಟು ‘ತಕಿಟ ತಕಧಿಮಿ’ ಎಂದು ಹೇಳುತ್ತಿದ್ದರು. ಏಳು ಅಕ್ಷರಗಳ ಮೂವತ್ತೈದು ಮಾತ್ರೆಗಳಲ್ಲಿ ಏಳರ ಐದು ಗುಂಪುಗಳು ಬಂದು ತಾಳದ ಆರಂಭವಾದ ಸಮಕ್ಕೆ ಸೇರಿದಾಗ ನನ್ನ ಕೈಯೂ ತಾನಾಗಿ ತೊಡೆಗೆ ಬಿದ್ದಿತು. ಅವರ ಲೆಕ್ಕ ಕರಾರುವಾಕ್ಕಾಗಿತ್ತು. ಹಂತಹಂತವಾಗಿ ಕಿರಿದಾಗುವ ಗೋಪುಚ್ಛ ಯತಿಯನ್ನು ಹಲಗೆಯ ಮೇಲೆ ಪಾಶ್ಚಾತ್ಯರ ಐದು ಗೆರೆಯ ಸ್ಟಾಫ್ ನೊಟೇಶನ್‌ನಲ್ಲಿ ಬಿಡಿಸಿ, ಅದನ್ನು ಸ್ಯಾಕ್ಸೊಫೋನ್ ಮತ್ತು ತಾಳವಾದ್ಯಗಳಿಗೆ ಹಂಚಿದ ಬಗೆಯನ್ನು ನಾನು ಇಲ್ಲಿ ಎಂದೂ ಕಂಡಿರಲಿಲ್ಲ. ಆದರೆ ಒಂದು ಮಾತನ್ನು ಮುಚ್ಚಿಡಬಾರದು: ಅಲ್ಲಿ ಇರುವುದು ಲಯ ಮಾತ್ರ. ರಾಗವಿಲ್ಲ, ಸಾಹಿತ್ಯವಿಲ್ಲ, ಹಾಡುಗಾರನ ಹಿಂದೆ ಮೃದಂಗ ಕಾಯುವ ಆ ಸೂಕ್ಷ್ಮವಿಲ್ಲ. ಕರ್ನಾಟಕ ಸಂಗೀತವನ್ನು ಮುಂದುವರಿಸಲು ಆಮ್ಸ್ಟರ್‌ಡ್ಯಾಮಿಗೆ ಹೋಗುವವರು ನಿರಾಶರಾಗುತ್ತಾರೆ. ನಮ್ಮ ಲಯವನ್ನು ಹೊರಗಿನವರ ಕಣ್ಣಿನಿಂದ ಬಿಡಿಬಿಡಿಯಾಗಿ ಕಳಚಿ ನೋಡಬೇಕೆನ್ನುವವರಿಗೆ ಇಷ್ಟು ಒಳ್ಳೆಯ ಜಾಗ ಅಪರೂಪ. ವಿರಾಮದಲ್ಲಿ ಒಬ್ಬ ವಿದ್ಯಾರ್ಥಿ ನನ್ನನ್ನು ಒಂದು ಕೋರ್ವೆ (ಲೆಕ್ಕ ಹಾಕಿ ಕಟ್ಟಿದ ಲಯದ ಮುಕ್ತಾಯ) ಹೇಳಿಕೊಡಿ ಎಂದು ಕೇಳಿದ. ಹೇಳಿದೆ. ಅವನು ಅದನ್ನು ಮೊದಲು ಬರೆದುಕೊಂಡ, ಆಮೇಲೆ ನುಡಿದ. ನಾನು ಕಲಿತದ್ದು ಇದಕ್ಕೆ ತದ್ವಿರುದ್ಧವಾಗಿ.

ಮರುದಿನದ ಪ್ರಾಯೋಗಿಕ ಪಾಠವೇ ಇಡೀ ಪ್ರಯಾಣದ ಬೆಲೆಯನ್ನು ತೀರಿಸಿತು. ನನ್ನ ಕ್ವಾರ್ಟೆಟ್‌ನ ಎರಡನೆಯ ಭಾಗ ತೋಡಿ ರಾಗದ ನೆರಳಿನಲ್ಲಿದೆ. ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವ ಸ್ವರವಲ್ಲ. ರಿಷಭ ಮಧ್ಯಮಗಳ ನಡುವೆ ತೂಗಾಡುವುದೇ ಅದರ ಜೀವ. ಅದನ್ನು ನಾನು ಕ್ವಾರ್ಟೆಟ್‌ನ ಪ್ರತಿಯೊಂದು ವಾದ್ಯಕ್ಕೂ ಸಣ್ಣ ಸಣ್ಣ ಸ್ವರಗಳಾಗಿ ಒಡೆದು ಬರೆದಿದ್ದೆ. ಅಧ್ಯಾಪಕರು ಹಾಳೆಯನ್ನು ದೀರ್ಘಕಾಲ ನೋಡಿ, ‘ಇದನ್ನು ಹಾಡಿ’ ಎಂದರು. ಹಾಡಿದೆ. ಎದ್ದು ಹೋಗಿ ಮೊಗಸಾಲೆಯಲ್ಲಿ ಕುಳಿತಿದ್ದ, ಪಿಟೀಲಿಗಿಂತ ತುಸು ದೊಡ್ಡದಾದ ವಿಯೋಲ ವಾದ್ಯದ ಒಬ್ಬ ವಿದ್ಯಾರ್ಥಿನಿಯನ್ನು ಕರೆತಂದರು. ಎ3 ಹಾಳೆಯ ಬಿಡಿ ಭಾಗ ಅವಳ ಸ್ಟ್ಯಾಂಡಿನ ಮೇಲೇರಿತು. ಅವಳು ಬರೆದದ್ದನ್ನು ಬರೆದಂತೆ ನುಡಿಸಿದಳು: ಸ್ವರಗಳೆಲ್ಲ ಸರಿಯಾಗಿದ್ದವು, ಗಾಂಧಾರ ಮಾತ್ರ ಇರಲಿಲ್ಲ. ಆಮೇಲೆ ಅಧ್ಯಾಪಕರು ಆ ಸಣ್ಣ ಸ್ವರಗಳನ್ನೆಲ್ಲ ಹೊಡೆದುಹಾಕಿ ಒಂದು ಅಲೆಯ ಗೆರೆ ಎಳೆದರು. ಈ ಸಲ ಬಂದದ್ದು ಸಿನಿಮಾ ಹಿನ್ನೆಲೆಯ ಜಾರುವ ಧ್ವನಿ. ಮೂರನೆಯ ಸಲ ನಾನು ಹಾಡಿ ಅವಳು ಕೇಳಿ ನುಡಿಸಿದಳು, ಮತ್ತೆ ಹಾಡಿದೆ, ಮತ್ತೆ ನುಡಿಸಿದಳು, ತೋಡಿಯ ಹತ್ತಿರಕ್ಕೆ ಬಂದಿತು. ‘ಈಗ ಅವಳು ನುಡಿಸಿದ್ದನ್ನು ಬರೆಯಿರಿ, ನೀವು ಹಾಡಿದ್ದನ್ನಲ್ಲ’ ಎಂದರು ಅಧ್ಯಾಪಕರು. ಕಂಪ್ಯೂಟರಿನ ಎದುರು ವರ್ಷಗಟ್ಟಲೆ ಕುಳಿತರೂ ಬಗೆಹರಿಯದಿದ್ದ ಪ್ರಶ್ನೆಯೊಂದರ ತುದಿ ಒಂದು ಗಂಟೆಯಲ್ಲಿ ಕೈಗೆ ಸಿಕ್ಕಿತು, ಕಾರಣ ಬಾಗಿಲಾಚೆ ವಿಯೋಲ ಹಿಡಿದವಳೊಬ್ಬಳು ಕುಳಿತಿದ್ದಳು. ಕಾಗದದ ಬಿಡಿ ಭಾಗಗಳನ್ನು ಹೊತ್ತುಕೊಂಡು ಹೋಗಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಆಕೆಯೇ ಆಮೇಲೆ ಕ್ಯಾಂಟೀನಿನಲ್ಲಿ ನನ್ನನ್ನು ಎರಡನೆಯ ವರ್ಷದ ಸಂಯೋಜನಾ ವಿದ್ಯಾರ್ಥಿಗಳಿಗೆ ಪರಿಚಯಿಸಿದಳು. ಅಧ್ಯಾಪಕರನ್ನು ಕೇಳಲಾಗದ ಪ್ರಶ್ನೆಗಳನ್ನು ಇವರಿಗೆ ಕೇಳಬೇಕು. ವರ್ಷಕ್ಕೆ ಎಷ್ಟು ಸಲ ನಿಮ್ಮ ಕೃತಿಯನ್ನು ವಾದಕರು ಓದುತ್ತಾರೆ? ಶಾಲೆಯೇ ಏರ್ಪಡಿಸಿದ್ದು ಎಷ್ಟು, ನೀವೇ ಗೆಳೆಯರ ಕೈಕಾಲು ಹಿಡಿದು ಮಾಡಿಸಿದ್ದು ಎಷ್ಟು? ಧ್ವನಿಮುದ್ರಣ ಯಾರ ಖರ್ಚಿನಲ್ಲಿ? ಅಧ್ಯಾಪಕರು ಪ್ರವಾಸದಲ್ಲಿದ್ದರೆ ತಪ್ಪಿದ ಪಾಠ ಮತ್ತೆ ಸಿಗುತ್ತದೆಯೇ? ಸ್ನಾತಕೋತ್ತರ ಪದವಿಗೆ ಕಡ್ಡಾಯವಾದ ಸಂಶೋಧನಾ ಯೋಜನೆ ಎಷ್ಟು ಸಮಯ ನುಂಗುತ್ತದೆ? ಅವರ ಉತ್ತರಗಳು ಒಬ್ಬರಿಂದೊಬ್ಬರಿಗೆ ಬೇರೆಯಾಗಿದ್ದವು, ಆದರೆ ಒಂದು ಅಂಶದಲ್ಲಿ ಎಲ್ಲರೂ ಒಮ್ಮತ: ನಾಚಿಕೊಂಡು ಕೂರುವವರಿಗೆ ವಾದಕರು ಸಿಗುವುದಿಲ್ಲ.

ನಡುವೆ ಮತ್ತೊಂದು ಊರಿನ ಶಾಲೆಗೂ ಹೋಗಿದ್ದೆ, ಅದರ ಹೆಸರು ಬೇಡ. ನನಗೆ ಸಮಯ ಕೊಟ್ಟಿದ್ದ ಅಧ್ಯಾಪಕರು ಆ ದಿನ ಊರಲ್ಲೇ ಇರಲಿಲ್ಲ, ತಿಳಿಸುವ ಪತ್ರ ನಾನು ರೈಲಿನಲ್ಲಿದ್ದಾಗ ಬಂದಿತು. ದಾರಿಯಲ್ಲಿ ಹಳಿಯ ದುರಸ್ತಿಗಾಗಿ ರೈಲು ನಿಲ್ಲಿಸಿ ಬಸ್ಸಿಗೆ ಹತ್ತಿಸಿದ್ದರು. ವಾರಾಂತ್ಯದ ಹತ್ತಿರ ಇಂಥ ದುರಸ್ತಿಗಳು ಸಾಮಾನ್ಯವಾದ್ದರಿಂದ ಹಿಂದಿನ ರಾತ್ರಿಯೇ ಪ್ರಯಾಣದ ಆ್ಯಪ್ ನೋಡಿಕೊಳ್ಳಬೇಕು. ಖಾಲಿ ಸಭಾಂಗಣವನ್ನು ನೋಡಿ, ಸೂಪು ಕುಡಿದು ಮರಳಿದೆ. ಒಂದು ಶಾಲೆಗೆ ಒಂದೇ ದಿನವನ್ನು ಮೀಸಲಿಡುವವರಿಗೆ ಹೀಗಾದರೆ ಬೇರೆ ದಾರಿಯಿಲ್ಲ, ಸಾಧ್ಯವಾದರೆ ಎರಡು ದಿನ ಇಟ್ಟುಕೊಳ್ಳಿ.

ಆಮ್ಸ್ಟರ್‌ಡ್ಯಾಮಿನಿಂದ ಹೇಗ್‌ಗೆ ರೈಲಿನಲ್ಲಿ ಸುಮಾರು ಐವತ್ತು ನಿಮಿಷ, ಒಂದು ಕಡೆಗೆ 14 ಯೂರೋದ ಆಸುಪಾಸು. ರಾಯಲ್ ಕನ್ಸರ್ವೇಟರಿ 2021ರಿಂದ ಅಮಾರೆ ಎಂಬ ಹೊಸ ಕಟ್ಟಡದಲ್ಲಿದೆ. ನಗರದ ರೆಸಿಡೆಂಟಿ ವಾದ್ಯವೃಂದ ಮತ್ತು ಡಚ್ ನೃತ್ಯಸಂಸ್ಥೆಯೂ ಅದೇ ಸೂರಿನ ಕೆಳಗಿವೆ. ಕೇಂದ್ರ ನಿಲ್ದಾಣದಿಂದ ನಡೆದೇ ಹೋಗಬಹುದು. ಅಲ್ಲಿ ನಾನು ಕಂಡ ಮುಖ್ಯವಾದ ದೃಶ್ಯವೆಂದರೆ ವಿದ್ಯಾರ್ಥಿಗಳ ಕರಡು ಕೃತಿಗಳನ್ನು ಒಂದು ವಾದ್ಯಗುಂಪು ಓದಿದ ಅವಧಿ. ಒಬ್ಬೊಬ್ಬರಿಗೆ ಗಡಿಯಾರ ನೋಡಿ ಸಮಯ ಕೊಟ್ಟಿದ್ದರು. ವಾದ್ಯಗುಂಪನ್ನು ನಡೆಸುವ ನಿರ್ವಾಹಕರು ಒಂದು ಸಲ ಪೂರ್ತಿ ನುಡಿಸಿ, ಎಡವಿದ ಜಾಗಗಳನ್ನು ಮತ್ತೆ ನುಡಿಸಿ, ಸಂಯೋಜಕರನ್ನು ಕೇಳುತ್ತಿದ್ದರು: ‘ಇಲ್ಲಿ ನಿಮಗೆ ಏನು ಬೇಕು?’ ಉತ್ತರ ಒಂದು ವಾಕ್ಯಕ್ಕಿಂತ ಉದ್ದವಾದರೆ ವಾದಕರು ಆಕಳಿಸುತ್ತಿದ್ದರು. ಆಗ ತಾನೇ ಹೊಟ್ಟೆಯೊಳಗೆ ಏಳುವ ಭಯವನ್ನು ಮರೆಯಲು ನಾನು ಬೇರೊಬ್ಬರ ಸ್ಕೋರ್ ತಿರುವಿ ಹಾಕುತ್ತಿದ್ದೆ, ಮುಂದಿನ ವರ್ಷ ಆ ಕುರ್ಚಿಯಲ್ಲಿ ನಾನು ಕೂರಬೇಕಾಗಬಹುದೆಂಬ ಭಯ ಅದು.

ಈ ವಿಭಾಗದ ಪರಂಪರೆಯಲ್ಲಿ ನನಗೆ ಬಹಳ ಹಿಡಿಸಿದ್ದು 1976ರಲ್ಲಿ ಅಲ್ಲಿನ ವಿದ್ಯಾರ್ಥಿಗಳ ನಡುವಿನಿಂದ ಹುಟ್ಟಿದ ಹೋಕೆಟಸ್ ಎಂಬ ವಾದ್ಯಗುಂಪಿನ ಕಥೆ. ಎದುರುಬದುರು ಕುಳಿತ ಎರಡು ತಂಡಗಳು ಒಂದೇ ಮಾತನ್ನು ಚೂರುಚೂರಾಗಿ ಹಂಚಿಕೊಂಡು, ಎಂದೂ ಒಟ್ಟಿಗೆ ನುಡಿಸದೆ ಸರದಿಯಲ್ಲಿ ನುಡಿಸುವ ಆ ಕ್ರಮವನ್ನು ಕೇಳಿದರೆ, ಕಚೇರಿಯಲ್ಲಿ ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನದಲ್ಲಿ ಮೃದಂಗವೂ ಘಟವೂ ಸವಾಲು ಜವಾಬಿನಂತೆ, ಸರದಿ ಕಿರಿದಾಗುತ್ತ ಹೋಗುವ ಕೊರೈಪ್ಪಿಗೆ ಇಳಿಯುವುದು ನೆನಪಾಗದಿರದು. ನನ್ನ ಪಾಠದಲ್ಲಿ ಇದನ್ನೇ ಹೇಳಿದೆ. ಅಧ್ಯಾಪಕಿ ಆಸಕ್ತಿಯಿಂದ ಕೇಳಿ, ಹಾಗಾದರೆ ನಿಮ್ಮ ಕೃತಿಯಲ್ಲಿ ಅದು ಏಕಿಲ್ಲ ಎಂದು ಮರುಪ್ರಶ್ನೆ ಹಾಕಿದರು. ನಾನು ಭಾರತದಿಂದ ಬಂದವಳೆಂಬ ಕಾರಣಕ್ಕೆ ರಾಗ ತಾಳಗಳನ್ನೇ ತರಬೇಕೆಂಬ ನಿರೀಕ್ಷೆ ಅವರಲ್ಲಿ ಇದೆಯೇ ಎಂದು ಒಂದು ಗಳಿಗೆ ಅನುಮಾನಿಸಿದೆ. ಪಾಠ ಮುಂದುವರಿದಂತೆ ಅದು ಹಾಗಲ್ಲವೆಂದು, ಬಾಯಲ್ಲಿ ಹೇಳುವ ಉತ್ಸಾಹ ಹಾಳೆಯ ಮೇಲೆ ಕಾಣುತ್ತಿಲ್ಲವೆಂಬುದಷ್ಟೇ ಅವರ ಮಾತೆಂದು ತಿಳಿಯಿತು.

ವಿದ್ಯುನ್ಮಾನ ಸಂಗೀತದಲ್ಲಿ ಒಲವಿರುವವರು ಅದೇ ಶಾಲೆಯ, ಧ್ವನಿಯ ಅಧ್ಯಯನಕ್ಕೆ ಮೀಸಲಾದ ಸೊನಾಲಜಿ ಸಂಸ್ಥೆಯನ್ನು ನೋಡದೆ ಬರಬಾರದು. ಅದು 1960ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯದ ವಿದ್ಯುನ್ಮಾನ ಸಂಗೀತದ ಸ್ಟುಡಿಯೊ ಆಗಿ ಆರಂಭವಾಗಿ, 1986ರಲ್ಲಿ ಹೇಗ್‌ಗೆ ಬಂದಿತು. ಕಂಪ್ಯೂಟರ್‌ನಿಂದ ಸಂಯೋಜನೆ ಮಾಡಿಸುವ ಕ್ರಮವಿಧಿಗಳನ್ನು 1960ರ ದಶಕದಲ್ಲೇ ಬರೆದ ಗಾಟ್‌ಫ್ರೀಡ್ ಮಿಖಾಯೆಲ್ ಕೂನಿಗ್ ಅದನ್ನು ಎರಡು ದಶಕಗಳ ಕಾಲ ನಡೆಸಿದರು. ಹಳೆಯ ಅನಲಾಗ್ ಉಪಕರಣಗಳ ಸ್ಟುಡಿಯೊ ಇಂದಿಗೂ ವಿದ್ಯಾರ್ಥಿಗಳ ಕೈಗೆ ಸಿಗುತ್ತದೆ. ಎರಡು ವರ್ಷದ ಸ್ನಾತಕೋತ್ತರ ಪದವಿಗೆ ಹೋಗುವ ಧೈರ್ಯವಿಲ್ಲದವರಿಗೆ ಅಲ್ಲಿ ಒಂದು ವರ್ಷದ ಪಾಠಕ್ರಮವೂ ಉಂಟು.

ಹಣದ ವಿಚಾರಕ್ಕೆ ಬರುತ್ತೇನೆ. 2025–26ನೇ ಸಾಲಿಗೆ ಐರೋಪ್ಯ ಒಕ್ಕೂಟದ ವಿದ್ಯಾರ್ಥಿಗಳಿಗೆ ಸರ್ಕಾರ ನಿಗದಿಪಡಿಸಿರುವ ವಾರ್ಷಿಕ ಶುಲ್ಕ 2,601 ಯೂರೋ. ನಮ್ಮಂಥ ಹೊರಗಿನವರಿಗೆ ಪ್ರತಿ ಸಂಸ್ಥೆಯೂ ತನ್ನದೇ ದರವನ್ನು ಗೊತ್ತುಮಾಡುತ್ತದೆ, ಅದು ಬಹಳ ಹೆಚ್ಚು. ಶುಲ್ಕದ ಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬೀಳುವ ಅಂಕಿಯನ್ನು ನಂಬಬಾರದು. ಇದರ ಮೇಲೆ, ವಾಸದ ಪರವಾನಗಿಗಾಗಿ ತಿಂಗಳಿಗೆ 1,100 ಯೂರೋ ಮೀರಿದ ಜೀವನವೆಚ್ಚವನ್ನು ವರ್ಷದ ಲೆಕ್ಕದಲ್ಲಿ ತೋರಿಸಬೇಕು. ಆ ಪರವಾನಗಿಯ ಅರ್ಜಿಯನ್ನು ನಮ್ಮ ಪರವಾಗಿ ಶಾಲೆಯೇ ವಲಸೆ ಇಲಾಖೆಗೆ ಸಲ್ಲಿಸುತ್ತದೆ ಎಂಬುದು ಸಮಾಧಾನದ ಸಂಗತಿ. ಸಮಾಧಾನವಿಲ್ಲದ ಸಂಗತಿ ಮನೆ. ನಾನು ಮಾತಾಡಿಸಿದ ವಿದ್ಯಾರ್ಥಿಗಳಲ್ಲಿ ಕೆಲವರು ಪಕ್ಕದ ಊರುಗಳಿಂದ ದಿನವೂ ರೈಲಿನಲ್ಲಿ ಬರುತ್ತಿದ್ದರು, ಒಬ್ಬಾಕೆ ಮೊದಲ ತಿಂಗಳುಗಳನ್ನು ಗೆಳತಿಯರ ಸೋಫಾಗಳ ಮೇಲೆ ಕಳೆದಿದ್ದಳು. ಕೋಣೆ ನೋಡಿದಾಗ ಕೇಳಬೇಕಾದ ಮೊದಲ ಪ್ರಶ್ನೆ ಆ ವಿಳಾಸವನ್ನು ಪುರಸಭೆಯಲ್ಲಿ ನೋಂದಾಯಿಸಲು ಮಾಲೀಕರು ಒಪ್ಪುತ್ತಾರೆಯೇ ಎಂಬುದು. ಎರಡನೆಯದು ವಾದ್ಯ ನುಡಿಸಬಹುದೇ ಎಂಬುದು.

ಹಿಂದಿರುಗಿದ ಮೇಲೆ ಆಮ್ಸ್ಟರ್‌ಡ್ಯಾಮ್ ಮತ್ತು ಹೇಗ್‌ನ ಎರಡೂ ಶಾಲೆಗಳಿಗೆ ಅರ್ಜಿ ಸಲ್ಲಿಸಿದ್ದೇನೆ. ದೇಶದ ಉನ್ನತ ಶಿಕ್ಷಣಕ್ಕೆಲ್ಲ ಸಾಮಾನ್ಯವಾದ ಸ್ಟೂಡಿಲಿಂಕ್ ಎಂಬ ತಾಣದಲ್ಲಿ ಮೊದಲು ನೋಂದಾಯಿಸಿಕೊಂಡು, ಆಮೇಲೆ ಶಾಲೆಯ ಪ್ರತ್ಯೇಕ ಅರ್ಜಿಯಲ್ಲಿ ಕೃತಿಗಳು, ಧ್ವನಿಮುದ್ರಣಗಳು, ಸಂಶೋಧನೆಯ ಪ್ರಸ್ತಾವ, ಇಂಗ್ಲಿಷ್ ಪರೀಕ್ಷೆಯ ಅಂಕಪಟ್ಟಿ ಕೊಡಬೇಕು. ಇಂಗ್ಲಿಷ್ ಪರೀಕ್ಷೆಯ ದಿನಾಂಕವನ್ನು ಪ್ರವಾಸಕ್ಕೆ ಹೊರಡುವ ಮುನ್ನವೇ ಕಾಯ್ದಿರಿಸಿದ್ದು ಉಪಯೋಗಕ್ಕೆ ಬಂದಿತು. ಕ್ವಾರ್ಟೆಟ್‌ನ ಎರಡನೆಯ ಭಾಗವನ್ನು ಪೂರ್ತಿ ಮತ್ತೆ ಬರೆದೆ. ಕಂಪ್ಯೂಟರಿನ ಧ್ವನಿಮುದ್ರಣವನ್ನು ತೆಗೆದುಹಾಕಿ, ಬೆಂಗಳೂರಿನಲ್ಲಿ ಒಬ್ಬ ವಿಯೋಲ ವಾದಕರನ್ನೂ ಒಬ್ಬ ಪಿಟೀಲು ವಾದಕರನ್ನೂ ಒಪ್ಪಿಸಿ, ಇಬ್ಬರು ನುಡಿಸಬಹುದಾದಷ್ಟು ಭಾಗವನ್ನು ಧ್ವನಿಮುದ್ರಿಸಿ ಕಳುಹಿಸಿದೆ. ಅವರಿಬ್ಬರಿಗೆ ಕೊಟ್ಟ ಸಂಭಾವನೆ, ಸ್ಟುಡಿಯೊ ಬಾಡಿಗೆ, ಊಟ ಸೇರಿ ವೀಸಾ ಶುಲ್ಕದ ಎರಡರಷ್ಟಾಯಿತು. ಮೊದಲ ಆಯ್ಕೆಯ ಶಾಲೆ ಯಾವುದೆಂದು ಅಕ್ಕ ಫೋನಿನಲ್ಲಿ ಕೇಳಿದಳು. ಯಾವ ಊರಿನಲ್ಲಿ ಕೋಣೆ ಮೊದಲು ಸಿಗುತ್ತದೋ ಅದು ಎಂದೆ. ಭಾವ ಈಗಾಗಲೇ ಹುಡುಕಲು ಶುರು ಮಾಡಿದ್ದಾರೆ.